ಬಾಳೆಗೊನೆಯ ಕೊಕ್ಕೆಗೆ ಒಂದು ಕುರ್ಚಿ

ಗ್ರಂಥಾಲಯದ ಕನ್ನಡ ಪುಸ್ತಕದ ಬೆನ್ನ ಮೇಲೆ ಒಂದು ಬಿಳಿ ಚೀಟಿ ಇರುತ್ತದೆ. ಅದರ ಮೇಲೆ 894.814 ಎಂಬ ಅಂಕಿ. ಕನ್ನಡ ಸಾಹಿತ್ಯದ ವಿಳಾಸ ಅದು. ಕಾಲೇಜಿನ ದಿನಗಳಲ್ಲಿ ಆ ಅಂಕಿ ನನಗೆ ಬಾಯಿಪಾಠ. ಅಟೆಂಡರನ್ನು ಕೇಳುವ ಗೋಜಿಲ್ಲದೆ ನೇರ ಆ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಲೋಕದ ಅಷ್ಟೂ ಪುಸ್ತಕಗಳನ್ನು ಹೀಗೆ ಹತ್ತು ಹತ್ತರ ಖಾನೆಗಳಲ್ಲಿ ಕೂರಿಸುವ ದಶಮಾಂಶ ಪದ್ಧತಿಯನ್ನು 1876ರಲ್ಲಿ ಅಚ್ಚು ಹಾಕಿಸಿದವನು ಅಮೆರಿಕದ ಮೆಲ್ವಿಲ್ ಡ್ಯೂಯಿ. ಈ ಮನುಷ್ಯ ಒಂದು ಹೋಟೆಲನ್ನೂ ನಡೆಸುತ್ತಿದ್ದ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು. ಆ ಹೋಟೆಲಿನ ದೆಸೆಯಿಂದ ಒಂದು ಸಣ್ಣ ಊರಿಗೆ ಒಲಿಂಪಿಕ್ಸ್ ಬಂತು, ಅದೂ ಅಮೆರಿಕ ತಿನ್ನಲು ಪರದಾಡುತ್ತಿದ್ದ ವರ್ಷದಲ್ಲಿ ಬಂತು ಎಂಬುದು ತಿಳಿದದ್ದು ಇನ್ನೂ ತಡವಾಗಿ.

ಕಷ್ಟಕಾಲದಲ್ಲಿ ದೊಡ್ಡ ಆಟ ನಡೆಸಿದರೆ ಆ ಸೀಮೆಗೆ ಪ್ರವಾಸಿಗರು ಬರುತ್ತಾರೆಯೆ, ಹೋಟೆಲು, ಟ್ಯಾಕ್ಸಿ, ಚಹಾದಂಗಡಿಗಳು ಬದುಕಿಕೊಳ್ಳುತ್ತವೆಯೆ ಎಂಬುದು ಹಳೆಯ ಪ್ರಶ್ನೆ. ಆಟ ನಡೆಸುವವರು ಕೋಟಿಗಳ ಲೆಕ್ಕ ತೋರಿಸಿ ಹೌದು ಎನ್ನುತ್ತಾರೆ. ಅರ್ಥಶಾಸ್ತ್ರಜ್ಞರು ಮೂಗು ಮುರಿಯುತ್ತಾರೆ. ಆ ಜಗಳಕ್ಕೆ ಆಮೇಲೆ ಬರೋಣ. ಮೊದಲು ಚಳಿಗಾಲದಲ್ಲಿ ಬಾಗಿಲು ಹಾಕಿದ ಹೋಟೆಲುಗಳನ್ನು ನೋಡಬೇಕು.

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ ಅಡಿರಾಂಡಾಕ್ ಬೆಟ್ಟಗಳಿವೆ. ಆ ಬೆಟ್ಟಗಳ ನಡುವೆ ಸರೋವರಗಳ ದಡದಲ್ಲಿ ಲೇಕ್ ಪ್ಲಾಸಿಡ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಟ್ಟಣದ ಶ್ರೀಮಂತರು ಸೆಕೆ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದರು. ಡ್ಯೂಯಿ 1895ರಲ್ಲಿ ಅಲ್ಲೊಂದು ಕ್ಲಬ್ಬು ತೆರೆದ, ಅವನ ಹೋಟೆಲು ಅದೇ. ಇಂಗ್ಲಿಷ್ ಕಾಗುಣಿತವನ್ನು ಆಡಿದಂತೆ ಬರೆಯಬೇಕು ಎಂಬ ಹಟದವನು ಆತ. ತನ್ನ ಹೆಸರಿನ ಬಾಲದಲ್ಲಿ ಸುಮ್ಮನೆ ಕೂತಿದ್ದ ಎರಡು ಅಕ್ಷರಗಳನ್ನು ಕತ್ತರಿಸಿದ. ಐದಕ್ಷರದ ‘ಲಾಡ್ಜ್’ ಅನ್ನು ಮೂರಕ್ಷರಕ್ಕೆ ಇಳಿಸಿ ಬರೆದ ಬೋರ್ಡು ಆ ಬೆಟ್ಟದಲ್ಲಿ ಇವತ್ತಿಗೂ ಇದೆ. ಆಡಿದಂತೆಯೇ ಬರೆಯುವ ನಮಗೆ ಇದರಲ್ಲಿ ಏನು ದೊಡ್ಡಸ್ತಿಕೆ ಎನಿಸಬಹುದು. ಇಂಗ್ಲಿಷಿನವರಿಗೆ ಅದು ಹುಚ್ಚಾಟವಾಗಿ ಕಂಡಿತು.

ಆಗಿನ ಬೆಟ್ಟದ ಹೋಟೆಲುಗಳ ವ್ಯವಹಾರ ನಮ್ಮ ಜಾತ್ರೆ ಅಂಗಡಿಯಂಥದು. ಬೇಸಿಗೆಯ ಎರಡು ಮೂರು ತಿಂಗಳು ಗಿಜಿಗಿಜಿ, ಆಮೇಲೆ ಬಣ ಬಣ. ಸೆಪ್ಟೆಂಬರ್ ಬಂತೆಂದರೆ ಹಾಸಿಗೆ ಸುತ್ತಿಟ್ಟು, ನಲ್ಲಿಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಅಷ್ಟನ್ನೂ ಬಸಿದು, ಕಿಟಕಿಗೆ ಹಲಗೆ ಹೊಡೆದು ಹೊರಡುವುದು. ಮರದ ತೆಳು ಗೋಡೆಯ ಕಟ್ಟಡಗಳಿಗೆ ಚಳಿಗಾಲದಲ್ಲಿ ಬೆಚ್ಚಗಿಡುವ ಏರ್ಪಾಡೇ ಇರಲಿಲ್ಲ. ಹಾಕಿದ ಬಂಡವಾಳ ವರ್ಷದಲ್ಲಿ ಒಂಬತ್ತು ತಿಂಗಳು ಹಿಮದಡಿ ಮಲಗಿರುತ್ತಿತ್ತು.

ಚಳಿಗಾಲವನ್ನೂ ಮಾರಬಹುದು ಎಂದು ಕಂಡುಕೊಂಡ ಕೀರ್ತಿ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಸ್ ಊರಿನದು. ಯೊಹಾನೆಸ್ ಬಾದ್ರುಟ್ ಎಂಬ ಹೋಟೆಲಿನವನು 1864ರಲ್ಲಿ ಇಂಗ್ಲಿಷ್ ಅತಿಥಿಗಳೊಂದಿಗೆ ಪಂಥ ಕಟ್ಟಿದನಂತೆ: ಚಳಿಗಾಲದಲ್ಲಿ ಬನ್ನಿ, ಬಿಸಿಲು ಇಷ್ಟವಾಗದಿದ್ದರೆ ಹೋಗಿ ಬಂದ ಖರ್ಚು ನನ್ನದು. ಬಂದವರು ವಸಂತದವರೆಗೂ ಕದಲಲಿಲ್ಲವಂತೆ. ಹೋಟೆಲಿನವರು ಹೇಳುವ ಕತೆ ಇದು, ಒಗ್ಗರಣೆ ಬಿದ್ದಿರಲಿಕ್ಕೂ ಸಾಕು. ಆದರೆ ಯುರೋಪಿನ ಶ್ರೀಮಂತರು ಅಲ್ಲಿಗೆ ಚಳಿಗಾಲ ಕಳೆಯಲು ಹೋಗತೊಡಗಿದ್ದು ನಿಜ. ಡ್ಯೂಯಿಯ ಕ್ಲಬ್ಬು 1904–05ರ ಚಳಿಗಾಲದಲ್ಲಿ ಬಾಗಿಲು ಹಾಕಲಿಲ್ಲ. ಅಮೆರಿಕದಲ್ಲಿ ಅಂಥ ಸಾಹಸ ಮಾಡಿದ ಮೊದಲ ಕೆಲವು ಹೋಟೆಲುಗಳಲ್ಲಿ ಅದೊಂದು. ಬಂದ ಅತಿಥಿಗಳು ಬೆರಳೆಣಿಕೆಯಷ್ಟು. ಆದರೆ ಬಾಗಿಲು ತೆರೆದೇ ಉಳಿಯಿತು.

ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕ್ಲಬ್ಬಿಗೆ ಯಹೂದಿಗಳನ್ನು ಸೇರಿಸುತ್ತಿರಲಿಲ್ಲ. ಕಪ್ಪು ಜನರಿಗೂ ಪ್ರವೇಶವಿರಲಿಲ್ಲ. ಅದನ್ನು ನಿಯಮವೆಂದು ಬರೆದೇ ಇಟ್ಟಿದ್ದರು. ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕನ ಹುದ್ದೆಯಲ್ಲಿದ್ದ ಡ್ಯೂಯಿ ಈ ನಿಯಮದ ವಿರುದ್ಧ ಎದ್ದ ಗಲಾಟೆಯ ಬೆನ್ನಲ್ಲೇ ಆ ಕೆಲಸ ಬಿಡಬೇಕಾಯಿತು. ಜ್ಞಾನದ ಕಪಾಟಿನಲ್ಲಿ ಎಲ್ಲರಿಗೂ ಒಂದೊಂದು ಖಾನೆ ಕೊಟ್ಟವನು ಊಟದ ಮನೆಯಲ್ಲಿ ಕೊಡಲಿಲ್ಲ.

ಒಲಿಂಪಿಕ್ಸ್ ಹಿಡಿದು ತಂದವನು ಅವನ ಮಗ ಗಾಡ್‌ಫ್ರೀ ಡ್ಯೂಯಿ. 1928ರಲ್ಲಿ ಸೇಂಟ್ ಮಾರಿಟ್ಸ್‌ನಲ್ಲೇ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಅವನು ಅಮೆರಿಕದ ಸ್ಕೀ ತಂಡದ ಮ್ಯಾನೇಜರಾಗಿ ಹೋಗಿದ್ದ. ಆಟ ನೋಡಿದ್ದಕ್ಕಿಂತ ಹೆಚ್ಚಾಗಿ ಆಟದ ಬಯಲು, ಜಾರುಬಂಡಿಯ ಹಾದಿ, ಹೋಟೆಲಿನ ಕೋಣೆ, ರೈಲಿನ ವೇಳೆ ಇವನ್ನೇ ನೋಡಿ ಬಂದ. ಮುಂದಿನ ಸರದಿ ಅಮೆರಿಕದ್ದು. 1932ರ ಬೇಸಿಗೆ ಆಟಗಳು ಲಾಸ್ ಏಂಜಲೀಸ್‌ಗೆ ಸಿಕ್ಕಿದ್ದವು. ಚಳಿಗಾಲದ ಆಟಗಳೂ ನಮಗೇ ಇರಲಿ ಎಂದು ಕ್ಯಾಲಿಫೋರ್ನಿಯಾದವರು ಯೊಸೆಮಿಟಿಯನ್ನೂ ಟಾಹೊ ಸರೋವರವನ್ನೂ ಮುಂದೆ ಮಾಡಿದರು. 1929ರ ಏಪ್ರಿಲ್‌ನಲ್ಲಿ ಲೌಸಾನ್‌ನಲ್ಲಿ ಕೂತ ಒಲಿಂಪಿಕ್ ಸಮಿತಿ ಲೇಕ್ ಪ್ಲಾಸಿಡ್‌ಗೆ ಒಪ್ಪಿಗೆ ಕೊಟ್ಟಿತು. ಊರಿನ ಜನಸಂಖ್ಯೆ ನಾಲ್ಕು ಸಾವಿರ ದಾಟುತ್ತಿರಲಿಲ್ಲ.

ಆರು ತಿಂಗಳಾಗುವಷ್ಟರಲ್ಲಿ ಅಕ್ಟೋಬರ್ ಬಂತು, ನ್ಯೂಯಾರ್ಕಿನ ಶೇರುಪೇಟೆ ಕುಸಿಯಿತು.

ಒಪ್ಪಿಕೊಂಡಾಗಿತ್ತು, ಕೈ ಬಿಡುವಂತಿಲ್ಲ. ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಊರು ಸಾಲಪತ್ರ ಹೊರಡಿಸಿ ದುಡ್ಡೆತ್ತಿತು, ಉಳಿದದ್ದಕ್ಕೆ ರಾಜ್ಯ ಸರ್ಕಾರದ ಮುಂದೆ ಕೈಚಾಚಿತು. ಬಾಬ್‌ಸ್ಲೆಡ್ ಎಂಬ ಉಕ್ಕಿನ ಜಾರುಬಂಡಿಗೆ ಬೆಟ್ಟದ ಮೈಯಲ್ಲಿ ಹಾದಿ ಕೊರೆಯಬೇಕಿತ್ತು. ಮೊದಲು ನೋಡಿದ ಜಾಗ ಸರ್ಕಾರಿ ಕಾಡು, ಸುಮಾರು 2,500 ಮರ ಉರುಳಬೇಕಿತ್ತು. ಅಡಿರಾಂಡಾಕ್ ಕಾಡು ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದು ಎಂದು ರಾಜ್ಯದ ಸಂವಿಧಾನದಲ್ಲೇ ಇದೆ. ಪರಿಸರದವರು ಕೋರ್ಟಿಗೆ ಹೋದರು. 1930ರಲ್ಲಿ ತೀರ್ಪು ಕಾಡಿನ ಪರವಾಯಿತು. ಆಗ ಕ್ಲಬ್ಬಿನ ಒಡೆತನದ ಬೆಟ್ಟವೊಂದಕ್ಕೆ ಕೆಲಸ ಸರಿಯಿತು. ನಮ್ಮನ್ನು ಒಳಗೆ ಬಿಡದ ಕ್ಲಬ್ಬಿನ ನೆಲದ ಮೇಲೆ ನಮ್ಮ ತೆರಿಗೆ ದುಡ್ಡೇಕೆ ಎಂದು ಯಹೂದಿ ಸಂಘಟನೆಗಳು ಎದ್ದು ನಿಂತವು. ನ್ಯಾಯವಾದ ಮಾತು. ಆ ನೆಲದ ಬಳಕೆಯ ಹಕ್ಕನ್ನು ಸಾರ್ವಜನಿಕರಿಗೆ ಬರೆದುಕೊಟ್ಟ ಮೇಲೆ ಜಗಳ ತಣ್ಣಗಾಯಿತು. ಒಂದೂವರೆ ಮೈಲಿಯ, 26 ತಿರುವಿನ ಹಾದಿ ಸಿದ್ಧವಾಯಿತು.

1932ರ ಫೆಬ್ರವರಿ 4ರಂದು ಆಟ ಶುರು. ಉದ್ಘಾಟಿಸಿದವರು ರಾಜ್ಯದ ಗವರ್ನರ್ ಫ್ರಾಂಕ್ಲಿನ್ ರೂಸ್‌ವೆಲ್ಟ್. ಅದೇ ವರ್ಷದ ಕೊನೆಗೆ ಅವರು ದೇಶದ ಅಧ್ಯಕ್ಷರಾಗಿ ಆರಿಸಿ ಬಂದರು. ನಾಲ್ಕು ವರ್ಷ ಹಿಂದೆ ಸೇಂಟ್ ಮಾರಿಟ್ಸ್‌ಗೆ 25 ದೇಶಗಳ 464 ಆಟಗಾರರು ಬಂದಿದ್ದರು. ಇಲ್ಲಿಗೆ ಬಂದವರು 17 ದೇಶಗಳ 252 ಮಂದಿ, ಅದರಲ್ಲಿ ದೊಡ್ಡ ಪಾಲು ಅಮೆರಿಕ, ಕೆನಡಾದವರದೇ. ಸಮುದ್ರ ದಾಟಿ ಬರಲು ಯಾರ ಕಿಸೆಯಲ್ಲೂ ಕಾಸಿರಲಿಲ್ಲ. ಐಸ್ ಹಾಕಿಗೆ ಬಂದದ್ದು ನಾಲ್ಕೇ ತಂಡ. ಅದು ಸಾಲದೆಂಬಂತೆ ಆ ಚಳಿಗಾಲ ಬೆಚ್ಚಗಿತ್ತು. ಹಿಮದೂರಿನಲ್ಲಿ ಹಿಮಕ್ಕೇ ಬರ. ಲಾರಿಯಲ್ಲಿ ಹಿಮ ಹೊತ್ತು ತಂದು ಓಟದ ಹಾದಿಗೆ ಹರವಿದರು. ನಾಲ್ವರ ಬಾಬ್‌ಸ್ಲೆಡ್ ಸ್ಪರ್ಧೆ ಮುಂದಕ್ಕೆ ಹೋಗಿ ಹೋಗಿ 15ರವರೆಗೂ ಎಳೆಯಿತು. ಇದನ್ನೆಲ್ಲ ಕಣ್ಣಾರೆ ನೋಡಬೇಕಿದ್ದ ಅಪ್ಪ ಡ್ಯೂಯಿ ಹಿಂದಿನ ಡಿಸೆಂಬರ್ 26ರಂದೇ ತೀರಿಕೊಂಡಿದ್ದ. ಚಳಿಗಾಲವನ್ನು ಮಾರಿದ ಆ ಮನುಷ್ಯ ಮುಪ್ಪಿನಲ್ಲಿ ಚಳಿ ತಾಳದೆ ಬೆಚ್ಚನೆಯ ಫ್ಲಾರಿಡಾಗೆ ಹೋಗಿ ನೆಲೆಸಿದ್ದ. ಅಲ್ಲಿಯ ಒಂದು ಊರಿಗೂ ಲೇಕ್ ಪ್ಲಾಸಿಡ್ ಎಂದು ಹೆಸರು ಬದಲಿಸಿಟ್ಟಿದ್ದ.

ಆಟ ಮಾತ್ರ ರಂಗೇರಿತು. ಪ್ರಮಾಣವಚನ ಓದಿದವನು ಅದೇ ಊರಿನ ಹುಡುಗ ಜ್ಯಾಕ್ ಶೇ. ಹೈಸ್ಕೂಲಿನ ಮುಂದಿನ ಬಯಲಿನಲ್ಲಿ ಹೆಪ್ಪುಗಟ್ಟಿಸಿದ ಹಾದಿಯ ಮೇಲೆ ಓಡಿ 500 ಮೀಟರಿನಲ್ಲೂ 1,500 ಮೀಟರಿನಲ್ಲೂ ಚಿನ್ನ ಗೆದ್ದ. ಇಬ್ಬರ ಬಾಬ್‌ಸ್ಲೆಡ್ ಸ್ಪರ್ಧೆಯಲ್ಲಿ ಗೆದ್ದ ಸ್ಟೀವನ್ಸ್ ಅಣ್ಣತಮ್ಮಂದಿರು ಊರಿನ ಹಳೆಯ ಹೋಟೆಲಿನ ಮನೆತನದವರು. ಹೊರಡುವ ಮುನ್ನ ಅವರು ಬ್ಲೋಟಾರ್ಚ್ ಹಿಡಿದು ಬಂಡಿಯ ತಳದ ಉಕ್ಕಿನ ಪಟ್ಟಿಗಳನ್ನು ಕಾಯಿಸುತ್ತಿದ್ದರು. ಕಾದ ಲೋಹ ಮಂಜನ್ನು ತುಸುವೇ ಕರಗಿಸಿ ತೆಳ್ಳಗೆ ನೀರಿನ ಪದರ ಎಬ್ಬಿಸುತ್ತದೆ, ಬಂಡಿ ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತದೆ. ಆಗ ಅದಕ್ಕೆ ಅಡ್ಡಿ ಇರಲಿಲ್ಲ. ಈಗ ಪಟ್ಟಿಯ ಉಷ್ಣತೆ ಅಳೆದೇ ಬಂಡಿ ಬಿಡುತ್ತಾರೆ. ಫಿಗರ್ ಸ್ಕೇಟಿಂಗ್‌ನಲ್ಲಿ ನಾರ್ವೆಯ ಸೋನಿಯಾ ಹೆನಿ ಎಂಬ ಹತ್ತೊಂಬತ್ತರ ಹುಡುಗಿ ಗೆದ್ದಳು. ಆ ಹೆಸರು ನೆನಪಿರಲಿ.

ಈಗ ಲೆಕ್ಕಕ್ಕೆ ಬರೋಣ. ಟಿಕೆಟ್ಟಿನ ದುಡ್ಡು ಖರ್ಚಿನ ಒಂದು ಮೂಲೆಗೂ ಸಾಲಲಿಲ್ಲ. ಊರ ತಲೆಯ ಮೇಲೆ ಸಾಲ ಉಳಿಯಿತು. ಕ್ರೀಡೆಯ ಅರ್ಥಶಾಸ್ತ್ರವನ್ನು ಬಗೆದು ನೋಡಿದ ವಿಕ್ಟರ್ ಮ್ಯಾಥಿಸನ್ ಎಂಬ ಪ್ರೊಫೆಸರರು ಒಂದು ಸುಲಭ ಸೂತ್ರ ಹೇಳುತ್ತಾರೆ: ಆಟ ನಡೆಸುವವರು ಊರಿಗೆ ಇಷ್ಟು ಲಾಭ ಎಂದು ಒಂದು ಅಂಕಿ ಕೊಟ್ಟರೆ ಅದರ ದಶಮಾಂಶ ಚುಕ್ಕೆಯನ್ನು ಎಡಕ್ಕೆ ಒಂದು ಮನೆ ಸರಿಸಿ, ನಿಜಕ್ಕೆ ಹತ್ತಿರ ಬರುತ್ತದೆ. ಡ್ಯೂಯಿಯ ಊರಿನ ಕತೆಯಲ್ಲಿ ಈ ಚುಕ್ಕೆ ಹೀಗೆ ಅಡ್ಡ ಬರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಅವರ ವಾದದಲ್ಲಿ ಹುರುಳಿದೆ. ಆಟಕ್ಕೆ ಜನ ಬರುತ್ತಾರೆ, ಸರಿ. ಆದರೆ ಹೋಟೆಲಿನ ದರ ಏರಿದ್ದು, ಊರು ಗಿಜಿಗುಟ್ಟುವುದು ನೋಡಿ ಸುಮ್ಮನೆ ಊರು ನೋಡಲು ಬರಬೇಕಿದ್ದವನು ಬೇರೆ ಕಡೆ ಹೋಗುತ್ತಾನೆ. ಬಂದವನ ಲೆಕ್ಕ ಸಿಗುತ್ತದೆ, ಬಾರದೆ ಉಳಿದವನ ಲೆಕ್ಕ ಯಾರಿಡುತ್ತಾರೆ? ಊರವನೇ ಸಿನಿಮಾಕ್ಕೆ ಹಾಕಬೇಕಿದ್ದ ದುಡ್ಡನ್ನು ಪಂದ್ಯಕ್ಕೆ ಹಾಕಿದರೆ ಅದು ಹೊಸ ದುಡ್ಡಲ್ಲ, ಎಡಗಿಸೆಯಿಂದ ಬಲಗಿಸೆಗೆ ಹೋದದ್ದು.

ಆದರೆ ಈ ವಾದ ಫೆಬ್ರವರಿಯ ಲೇಕ್ ಪ್ಲಾಸಿಡ್‌ನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿ ದರ ಕೇಳಿ ವಾಪಸು ಹೋಗಲು ಯಾರು ಬರುತ್ತಿದ್ದರು? ಕೋಣೆ ಹೇಗಿದ್ದರೂ ಖಾಲಿ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲುತ್ತದೆ, ಇದು ಬರಿಕೊಡ. ಹತ್ತು ಹನ್ನೆರಡು ದಿನದ ವ್ಯಾಪಾರಕ್ಕಿಂತ ದೊಡ್ಡದೊಂದು ಅಲ್ಲಿ ಸಿಕ್ಕಿತು. ಪತ್ರಿಕೆಯ ಚಿತ್ರ, ರೇಡಿಯೊ, ಸಿನಿಮಾದ ಮೊದಲು ತೋರಿಸುವ ವಾರ್ತಾಚಿತ್ರ ಇವೆಲ್ಲ ಸೇರಿ ಹಿಮವೆಂದರೆ ಸಲಿಕೆ ಹಿಡಿದು ಬಳಿಯಬೇಕಾದ ಕರ್ಮ ಎಂದುಕೊಂಡಿದ್ದ ಜನಕ್ಕೆ ಅದರ ಮೇಲೆ ಆಡಬಹುದು ಎಂದು ತೋರಿಸಿದವು. ಬಾಬ್‌ಸ್ಲೆಡ್ ಹಾದಿಯಲ್ಲಿ ಸಾಮಾನ್ಯರೂ ಕಾಸು ಕೊಟ್ಟು ಜಾರಿ ಬರಬಹುದಿತ್ತು. ಗವರ್ನರರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಆ ಬಂಡಿಯಲ್ಲಿ ಕೂತು ಇಳಿದದ್ದಂತೂ ಒಳ್ಳೆಯ ಜಾಹೀರಾತಾಯಿತು.

ಇನ್ನೊಂದು ಕಡೆ ರೈಲು ಕಂಪನಿಗಳು ಕಂಗಾಲಾಗಿದ್ದವು. ಮೊದಲು ಮೋಟಾರು ಕಾರು ಅವರ ಗಿರಾಕಿಗಳನ್ನು ಕಿತ್ತುಕೊಂಡಿತು, ಆಮೇಲೆ ಕುಸಿತ ಬಂದು ಮಿಕ್ಕವರನ್ನು ಮನೆಯಲ್ಲಿ ಕೂರಿಸಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಒಲಿಂಪಿಕ್ಸ್‌ಗೆ ಒಂದು ವರ್ಷ ಮೊದಲೇ, 1931ರ ಜನವರಿಯಲ್ಲಿ, ಬಾಸ್ಟನ್ ಅಂಡ್ ಮೇನ್ ಕಂಪನಿ ಒಂದು ಭಾನುವಾರ ಬಾಸ್ಟನ್‌ನಿಂದ ನ್ಯೂಹ್ಯಾಂಪ್‌ಶೈರಿನ ವಾರ್ನರ್ ಎಂಬಲ್ಲಿಗೆ ‘ಹಿಮದ ರೈಲು’ ಬಿಟ್ಟಿತ್ತು. ಬೆಳಿಗ್ಗೆ ಹೋಗಿ ಜಾರಿ ಸಂಜೆಗೆ ಮರಳುವುದು, ಕೋಣೆ ಬಾಡಿಗೆಯ ತಾಪತ್ರಯವಿಲ್ಲ. ಒಲಿಂಪಿಕ್ಸ್ ಆದಮೇಲೆ ಇಂಥ ರೈಲುಗಳು ನ್ಯೂಯಾರ್ಕಿನಿಂದಲೂ ಹೊರಟವು. ಹೊಟ್ಟೆಗೆ ಕಷ್ಟವಿದ್ದ ಕಾಲದಲ್ಲಿ ಜನ ಹಿಮದಲ್ಲಿ ಆಡಲು ಹೋದರೇ ಎಂದು ಕೇಳಬಹುದು. ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲ ಎಂದರೆ ಮೂವರಿಗೆ ಇತ್ತು. ಯುರೋಪಿಗೆ ಹೋಗಲು ಕೈ ಸಾಗದವರು ಊರ ಹತ್ತಿರದ ಬೆಟ್ಟಕ್ಕೆ ಹೋದರು.

ಬೆಟ್ಟಕ್ಕೆ ಹೋದವರಿಗೆ ಅಲ್ಲೊಂದು ಪೇಚು ಕಾದಿತ್ತು. ಇಳಿಯುವುದು ಮಜ, ಹತ್ತುವುದು ಸಜೆ. ಆರೇಳು ಅಡಿ ಉದ್ದದ ಮರದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ಅರ್ಧ ಗಂಟೆ ಹತ್ತಿದರೆ ಎರಡು ನಿಮಿಷದಲ್ಲಿ ಮತ್ತೆ ಕೆಳಗೆ. ದಿನಕ್ಕೆ ಆರೇಳು ಸಲ ಇಳಿದರೆ ಅದೇ ಹೆಚ್ಚು. ವರ್ಮಾಂಟಿನ ವುಡ್‌ಸ್ಟಾಕ್ ಊರಿನ ಒಂದು ಸಣ್ಣ ಹೋಟೆಲಿನಲ್ಲಿ ಉಳಿದಿದ್ದ ನ್ಯೂಯಾರ್ಕಿನವರು ಇದನ್ನೇ ಗೊಣಗಿದರು. ಕೆನಡಾದ ಕ್ವಿಬೆಕ್‌ನಲ್ಲಿ ಯಾರೋ ಮೋಟಾರಿನ ಚಕ್ರಕ್ಕೆ ಹಗ್ಗ ಸುತ್ತಿ ಜನರನ್ನು ಮೇಲೆಳೆಯುತ್ತಾರಂತೆ ಎಂಬ ಸುದ್ದಿ ಇತ್ತು. ಹೋಟೆಲಿನ ರಾಯ್ಸ್ ದಂಪತಿ ಕ್ಲಿಂಟನ್ ಗಿಲ್ಬರ್ಟ್ ಎಂಬ ರೈತನ ಹಸು ಮೇಯುವ ದಿನ್ನೆಯನ್ನು ಗುತ್ತಿಗೆಗೆ ಹಿಡಿದರು. ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ನಿಗೆ ಹಗ್ಗ ಹಾಯಿಸಿ, ಬೆಟ್ಟದ ತಲೆಯಲ್ಲೊಂದು ರಾಟೆ ಕಟ್ಟಿ, 1934ರ ಜನವರಿಯಲ್ಲಿ ಎಳೆತ ಶುರುಮಾಡಿದರು. ಅಮೆರಿಕದ ಮೊದಲ ಹಗ್ಗದ ಎಳೆತ ಅದು. ಹಗ್ಗ ಸುತ್ತುತ್ತಲೇ ಇರುತ್ತದೆ, ಗಟ್ಟಿಯಾಗಿ ಹಿಡಿದುಕೊಂಡರೆ ಎಳೆದುಕೊಂಡು ಹೋಗುತ್ತದೆ. ಕೈಗವಸು ಸವೆದು ಚಿಂದಿಯಾಗುತ್ತಿತ್ತು. ಹಗ್ಗ ಒದ್ದೆಯಾಗಿ ಮಣಭಾರವಾಗುತ್ತಿತ್ತು. ಕೆಳಗೆ ಹಿಡಿದವರು ಕಡಿಮೆಯಿದ್ದರೆ ಒಬ್ಬನೇ ಅಷ್ಟು ಭಾರ ಎತ್ತಿ ಹಿಡಿಯಬೇಕು. ಆದರೂ ಬಂದವನು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಜಾರಬಹುದಾಯಿತು. ರೈತನ ದಿನ್ನೆ ಚಳಿಗಾಲದಲ್ಲೂ ಕಾಸು ಹುಟ್ಟಿಸಿತು.

ಇಲ್ಲಿಗೆ ಏವರೆಲ್ ಹ್ಯಾರಿಮನ್ ಬರುತ್ತಾನೆ, ಯೂನಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷ. ದೇಶದ ಪಶ್ಚಿಮಕ್ಕೆ ಹೋಗುವ ಅವನ ರೈಲುಗಳಲ್ಲಿ ಆಸನಗಳು ಖಾಲಿ. ಲೇಕ್ ಪ್ಲಾಸಿಡ್‌ನ ಆಟ ಮುಗಿದಮೇಲೆ ಸ್ಕೀಯ ಹುಚ್ಚು ಹಬ್ಬುತ್ತಿರುವುದನ್ನು ಅವನು ಕಂಡಿದ್ದ. ಸೇಂಟ್ ಮಾರಿಟ್ಸ್‌ನಂಥದೊಂದು ಊರನ್ನು ತನ್ನ ಹಳಿಯ ಪಕ್ಕದಲ್ಲೇ ಕಟ್ಟಿದರೆ ಅಲ್ಲಿಗೆ ಹೋಗಲು ಜನ ತನ್ನ ರೈಲನ್ನೇ ಹತ್ತಬೇಕಲ್ಲ! ಜಾಗ ಹುಡುಕಲು ಫೆಲಿಕ್ಸ್ ಶಾಫ್‌ಗಾಚ್ ಎಂಬ ಆಸ್ಟ್ರಿಯಾದ ಕೌಂಟನನ್ನು ಕಳಿಸಿದ. 1935–36ರ ಚಳಿಗಾಲವಿಡೀ ಆತ ಪಶ್ಚಿಮದ ಬೆಟ್ಟಗಳನ್ನು ಅಲೆದ. ಒಂದು ಕಡೆ ಗಾಳಿ ಜಾಸ್ತಿ, ಒಂದು ಕಡೆ ಎತ್ತರ ಜಾಸ್ತಿ, ಇನ್ನೊಂದು ಊರಿಗೆ ತೀರ ಹತ್ತಿರ. ಹೆಣ್ಣು ನೋಡಲು ಹೋದವನ ಹಾಗೆ ಎಲ್ಲದರಲ್ಲೂ ಹುಳುಕು ತೆಗೆದು ಇನ್ನೇನು ಮರಳಬೇಕು, ಆಗ ಐಡಾಹೊದ ರೈಲ್ವೆ ನೌಕರನೊಬ್ಬನಿಗೆ ಕೆಚಮ್ ನೆನಪಾಯಿತು. ಬೆಳ್ಳಿ ಗಣಿಯಿಂದ ಎದ್ದು, ಬೆಳ್ಳಿಯ ಬೆಲೆ ಬಿದ್ದಾಗ ತಾನೂ ಬಿದ್ದು, ಕುರಿ ಸಾಗಿಸಿಕೊಂಡು ಉಸಿರು ಹಿಡಿದಿದ್ದ ಊರು. ಉಳಿದಿದ್ದವರು ಕೆಲವು ನೂರು ಜನ. ಹಳಿಯ ಮೇಲಿನ ಹಿಮ ತೆಗೆಸಲು ಕಂಪನಿಗೆ ಅತಿ ಹೆಚ್ಚು ಖರ್ಚು ತರುತ್ತಿದ್ದ ಕವಲು ಅದು, ಅದಕ್ಕೇ ನೆನಪಾಯಿತು ಎಂದು ಹೇಳುವವರಿದ್ದಾರೆ. ಖರ್ಚಿನ ಪಟ್ಟಿಯಲ್ಲಿ ಶನಿಯಂತೆ ಕೂತಿದ್ದ ಹಿಮವೇ ಈಗ ಸರಕಾಯಿತು.

ಹ್ಯಾರಿಮನ್ ಬಂದು ನೋಡಿ ಜಮೀನು ಕೊಂಡ. ಏಳು ತಿಂಗಳಲ್ಲಿ ಹೋಟೆಲು ಎದ್ದಿತು. ಮರದ ಹಲಗೆಯ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಬಣ್ಣ ಹೊಡೆದು ಮರದ್ದೇ ಎನ್ನುವಂತೆ ಮಾಡಿದರು. ಪ್ರಚಾರಕ್ಕೆ ಹಿಡಿದದ್ದು ಸ್ಟೀವ್ ಹನಗನ್‌ನನ್ನು. ಮಯಾಮಿ ಬೀಚನ್ನೂ ಇಂಡಿಯಾನಾಪೊಲಿಸ್ ಕಾರು ಓಟವನ್ನೂ ಊರೂರಿಗೆ ಪರಿಚಯಿಸಿದ ಆಸಾಮಿ ಅವನು, ಚಳಿ ಕಂಡರೆ ಆಗದವನು. ಹಿಮದ ನಡುವೆ ಬಿಸಿಲಿಗೆ ಬೆವರಿ ಕೋಟು ಬಿಚ್ಚಿದ ಮೇಲೆ ಅವನಿಗೆ ಹೊಳೆದ ಹೆಸರು ‘ಸನ್ ವ್ಯಾಲಿ’, ಬಿಸಿಲ ಕಣಿವೆ. ಬರಿಮೈಯಲ್ಲಿ ಜಾರುತ್ತಿರುವ ಹುಡುಗನ ಚಿತ್ರವನ್ನು ಪೋಸ್ಟರಿಗೆ ಹಾಕಿಸಿದ. ಬೆಟ್ಟ ಹತ್ತುವುದಕ್ಕೆ ಯಂತ್ರ ಬೇಕೇಬೇಕು ಎಂದು ಪಟ್ಟು ಹಿಡಿದವರಲ್ಲಿ ಅವನೂ ಒಬ್ಬ.

ಆ ಯಂತ್ರದ ಕೆಲಸ ಹೋದದ್ದು ನೆಬ್ರಾಸ್ಕದ ಒಮಾಹಕ್ಕೆ, ಕಂಪನಿಯ ಎಂಜಿನಿಯರುಗಳ ಮುಖ್ಯ ಕಚೇರಿಗೆ. ಸುತ್ತ ಜೋಳದ ಹೊಲ, ಹತ್ತಿರದಲ್ಲೆಲ್ಲೂ ಬೆಟ್ಟದ ಸುಳಿವಿಲ್ಲ. ಹಗ್ಗದ ಎಳೆತ, ಸೊಂಟಕ್ಕೆ ಕೊಕ್ಕೆ ಹಾಕಿ ಎಳೆಯುವ ಯಂತ್ರ, ಪೆಟ್ಟಿಗೆಯಂಥ ಕೇಬಲ್ ಕಾರು ಎಂದು ನಕ್ಷೆಗಳು ಸಿದ್ಧವಾಗುತ್ತಿದ್ದವು. ಅಲ್ಲಿದ್ದ ಜೇಮ್ಸ್ ಕರನ್ ಎಂಬ ಎಂಜಿನಿಯರ್ ಹಿಂದೆ ಬೇರೆ ಕಂಪನಿಯಲ್ಲಿದ್ದಾಗ ಉಷ್ಣವಲಯದಲ್ಲಿ ಹಡಗಿಗೆ ಬಾಳೆಗೊನೆ ಸಾಗಿಸುವ ಯಂತ್ರದ ಕೆಲಸ ಮಾಡಿದ್ದ.

ಬಾಳೆಗೊನೆ ಹೊತ್ತವರಿಗೆ ಅದರ ಕಷ್ಟ ಗೊತ್ತು. ಮೂಟೆಯಂತೆ ಎಸೆಯುವಂತಿಲ್ಲ, ಒಂದರ ಮೇಲೊಂದು ಒಟ್ಟುವಂತಿಲ್ಲ. ನೆಲಕ್ಕೆ ಕುಕ್ಕಿದರೆ ಕಾಯಿಯ ಸಿಪ್ಪೆಯ ಮೇಲೆ ಬಿದ್ದ ಗುರುತು ಹಣ್ಣಾಗುವಾಗ ಕಪ್ಪಗೆ ಎದ್ದು ಕಾಣುತ್ತದೆ, ಮಂಡಿಯವನು ಅದನ್ನೇ ತೋರಿಸಿ ಬೆಲೆ ಇಳಿಸುತ್ತಾನೆ. ನಮ್ಮ ಅಂಗಡಿಗಳಲ್ಲಿ ಗೊನೆಯನ್ನು ಜಂತಿಯಿಂದ ನೇತುಹಾಕುವುದು ಅದಕ್ಕೇ. ಕರನ್ ಕೆಲಸ ಮಾಡಿದ್ದ ಏರ್ಪಾಡಿನಲ್ಲೂ ಗೊನೆ ತೂಗುತ್ತಲೇ ಸಾಗುತ್ತಿತ್ತು. ಕೊನೆಯಿಲ್ಲದ ಉಕ್ಕಿನ ಹಗ್ಗ ತಲೆಯ ಮೇಲೆ ನಿಧಾನ ಸುತ್ತುತ್ತದೆ, ಅದಕ್ಕೆ ಸಾಲಾಗಿ ಕೊಕ್ಕೆಗಳು. ಹಗ್ಗ ನಿಲ್ಲುವುದಿಲ್ಲ, ಹೋಗುತ್ತಿರುವ ಕೊಕ್ಕೆಗೇ ಗೊನೆ ಸಿಕ್ಕಿಸಬೇಕು. ಕರನ್ ಯೋಚಿಸಿದ್ದು ಇಷ್ಟು: ಕೊಕ್ಕೆಯ ಜಾಗದಲ್ಲಿ ಕುರ್ಚಿ, ಗೊನೆಯ ಜಾಗದಲ್ಲಿ ಮನುಷ್ಯ. ಕಾಲಿಗೆ ಕಟ್ಟಿದ ಹಲಗೆ ಬಿಚ್ಚುವುದೂ ಬೇಡ, ನಿಂತಲ್ಲಿಗೆ ಕುರ್ಚಿ ಬಂದು ಮಂಡಿಯ ಹಿಂದೆ ತಾಗಿ ಎತ್ತಿಕೊಂಡು ಹೋಗುತ್ತದೆ.

ಮೇಲಿನವರಿಗೆ ಇದು ಹಿಡಿಸಲಿಲ್ಲ. ಮನುಷ್ಯರನ್ನು ಗೊನೆಯಂತೆ ಗಾಳಿಯಲ್ಲಿ ತೂಗುಹಾಕುವುದು ಅಪಾಯ ಎಂದು ನಕ್ಷೆಯನ್ನು ಬದಿಗಿಟ್ಟರು. ಸಲಹೆಗಾರನಾಗಿ ಬಂದವನು ಚಾರ್ಲ್ಸ್ ಪ್ರಾಕ್ಟರ್, 1928ರಲ್ಲಿ ಸೇಂಟ್ ಮಾರಿಟ್ಸ್‌ನಲ್ಲಿ ಅಮೆರಿಕದ ಪರವಾಗಿ ಸ್ಕೀ ಮಾಡಿದ್ದ ಆಟಗಾರ. ಅವನಿಗೆ ತೋರಿಸುವ ನಕ್ಷೆಗಳ ನಡುವೆ ಕರನ್ ತನ್ನದನ್ನೂ ಮೆಲ್ಲಗೆ ತೂರಿಸಿದ. ಪ್ರಾಕ್ಟರ್ ಆರಿಸಿಕೊಂಡದ್ದು ಅದನ್ನೇ. ಈ ಒಂದು ತೂರಿಸುವಿಕೆ ಇಲ್ಲದಿದ್ದರೆ ಮುಂದಿನದೇನೂ ಇಲ್ಲ. ಆಫೀಸಿನಲ್ಲಿ ತಳಕ್ಕೆ ಹೋದ ಫೈಲನ್ನು ಹೇಗೋ ಮೇಲಕ್ಕೆ ತರುವ ಗುಮಾಸ್ತರ ಜಾಣತನಕ್ಕೆ ನಾನು ಈ ಕತೆ ತಿಳಿದಂದಿನಿಂದ ಮರ್ಯಾದೆ ಕೊಡುತ್ತೇನೆ.

ಕುರ್ಚಿ ಎಷ್ಟು ವೇಗದಲ್ಲಿ ಬರಬೇಕು? ನಿಧಾನವಾದರೆ ಸಾಲು ಬೆಳೆಯುತ್ತದೆ, ಜೋರಾದರೆ ಮಂಡಿ ಮುರಿಯುತ್ತದೆ. ಆಗ ಒಮಾಹದಲ್ಲಿ ಬೇಸಿಗೆ, ಹಿಮವೆಲ್ಲಿ? ಒಂದು ಟ್ರಕ್ಕಿನ ಪಕ್ಕಕ್ಕೆ ಚೌಕಟ್ಟು ಕಟ್ಟಿ ಅದರಿಂದ ಕುರ್ಚಿ ಇಳಿಬಿಟ್ಟರು. ನೆಲಕ್ಕೆ ಒಣಹುಲ್ಲು ಹಾಸಿ, ಒಬ್ಬನ ಕಾಲಿಗೆ ಸ್ಕೀ ಕಟ್ಟಿ ನಿಲ್ಲಿಸಿದರು. ಟ್ರಕ್ಕು ಹಿಂದಿನಿಂದ ಬಂದು ಅವನನ್ನು ಕುರ್ಚಿಗೆ ಎತ್ತಿಕೊಳ್ಳಬೇಕು. ಹುಲ್ಲಿನ ಮೇಲೆ ಸ್ಕೀ ಜಾರಲಿಲ್ಲ. ಹಲಗೆ ಬಿಚ್ಚಿ ಚಕ್ರದ ರೋಲರ್ ಸ್ಕೇಟ್ ಕಟ್ಟಿ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿದರು. ಸುಡುಬಿಸಿಲಿನಲ್ಲಿ ರೈಲ್ವೆ ಅಂಗಳದಲ್ಲಿ ಟ್ರಕ್ಕು ಹಿಂದೆ ಮುಂದೆ ಹೋಗುತ್ತಿದೆ, ಚಕ್ರ ಕಟ್ಟಿಕೊಂಡ ಎಂಜಿನಿಯರನೊಬ್ಬ ಮತ್ತೆ ಮತ್ತೆ ಕುರ್ಚಿಗೆ ಬೀಳುತ್ತಿದ್ದಾನೆ. ನೋಡಿದವರು ಏನೆಂದುಕೊಂಡರೊ! ಗಂಟೆಗೆ ನಾಲ್ಕೈದು ಮೈಲಿ ಹಿತವಾದ ವೇಗ ಎಂದು ಗೊತ್ತಾಯಿತು. ಚುರುಕಾಗಿ ನಡೆಯುವವನ ವೇಗ ಅದು. 1936ರ ಚಳಿಗಾಲಕ್ಕೆ ಸನ್ ವ್ಯಾಲಿಯ ಡಾಲರ್ ಬೆಟ್ಟದ ಮೇಲೂ ಪ್ರಾಕ್ಟರನ ಹೆಸರಿಟ್ಟ ಬೆಟ್ಟದ ಮೇಲೂ ಜಗತ್ತಿನ ಮೊದಲ ಚೇರ್‌ಲಿಫ್ಟುಗಳು ತಿರುಗತೊಡಗಿದವು.

ಡಿಸೆಂಬರ್ 21ಕ್ಕೆ ಹೋಟೆಲಿನ ಉದ್ಘಾಟನೆ. ಹಾಲಿವುಡ್ಡಿನ ತಾರೆಯರೂ ಬಂದಿಳಿದರು. ಹಿಮ ಮಾತ್ರ ಬರಲಿಲ್ಲ. ಬೆಟ್ಟವೆಲ್ಲ ಕಂದು ಹುಲ್ಲು. ಹಿಮ ಬೀಳುವವರೆಗೆ ಅತಿಥಿಗಳು ಬಿಲ್ಲು ಕೊಡಬೇಕಾಗಿಲ್ಲ ಎಂದು ಹ್ಯಾರಿಮನ್ ಹೇಳಿದ. ಬಾದ್ರುಟ್‌ನ ಪಂಥವೇ ಇನ್ನೊಂದು ವೇಷದಲ್ಲಿ ಬಂದಂತಾಯಿತು. ಪಾರ್ಟಿಯಲ್ಲಿ ಸಿನಿಮಾ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಒಬ್ಬನಿಗೆ ಗುದ್ದಿದ ಸುದ್ದಿಯನ್ನು ಹನಗನ್ ಮುಚ್ಚಿಡುವ ಬದಲು ಪತ್ರಿಕೆಗಳಿಗೆ ದಾಟಿಸಿದ. ಕೆಲವು ದಿನ ಕಳೆದು ಹಿಮ ಸುರಿಯಿತು.

ಊರು ಕಟ್ಟಿದ್ದಾಯಿತು, ಹೆಸರು ನಿಲ್ಲಬೇಕಲ್ಲ. ಆಟ ಬೇಕೆಂದು ಹ್ಯಾರಿಮನ್‌ಗೆ ಗೊತ್ತಿತ್ತು. 1937ರ ಮಾರ್ಚ್‌ನಲ್ಲಿ ಯುರೋಪಿನ ಸ್ಕೀಪಟುಗಳನ್ನೂ ಸೇರಿಸಿ ಒಂದು ದೊಡ್ಡ ಸ್ಪರ್ಧೆ ಇಟ್ಟ. ಅದು ಹ್ಯಾರಿಮನ್ ಕಪ್ ಎಂದು ಹೆಸರಾಯಿತು. ಡಾರ್ಟ್‌ಮತ್ ಕಾಲೇಜಿನ ಡಿಕ್ ಡುರಾನ್ಸ್ ಎಂಬ ವಿದ್ಯಾರ್ಥಿ ಯುರೋಪಿನವರನ್ನೆಲ್ಲ ಹಿಂದೆ ಹಾಕಿ ಗೆದ್ದ. ಮಾರನೆಯ ವರ್ಷವೂ ಗೆದ್ದ, 1940ರಲ್ಲಿ ಮೂರನೆಯ ಸಲ ಗೆದ್ದು ಕಪ್ಪನ್ನೇ ಮನೆಗೆ ಒಯ್ದ. ಕುಸಿತದ ಕೊನೆಯ ವರ್ಷಗಳಲ್ಲಿ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕುರಿಯೂರು ಕೆಚಮ್‌ನ ಹೆಸರು ವರ್ಷ ವರ್ಷವೂ ಬಂತು.

ರೈಲ್ವೆಗೆ ಇದರಿಂದ ಲಾಭವಾಯಿತೆ? ಹೋಟೆಲಿನ ಖಾತೆಯಲ್ಲಿ ಆಗಲಿಲ್ಲ. ರೈಲಿನ ಜಾಹೀರಾತಿನ ಖರ್ಚು ಎಂದುಕೊಂಡು ಕಂಪನಿ ಸಹಿಸಿತು. ಎರಡನೆಯ ಮಹಾಯುದ್ಧದಲ್ಲಿ ಆ ಹೋಟೆಲು ನೌಕಾಪಡೆಯ ಆಸ್ಪತ್ರೆಯಾಯಿತು. 1964ರಲ್ಲಿ ಕಂಪನಿ ಅದನ್ನು ಮಾರಿ ಕೈತೊಳೆದುಕೊಂಡಿತು. ಲೇಕ್ ಪ್ಲಾಸಿಡ್‌ನ ಟಿಕೆಟ್ಟಿನ ಲೆಕ್ಕವೂ ಹಾಗೆಯೇ ತಲೆಕೆಳಗಾಗಿತ್ತಲ್ಲ. ದುಡ್ಡು ಹಾಕಿದವನಿಗೆ ದುಡ್ಡು ಬರಲಿಲ್ಲ, ಸುತ್ತಲಿನ ಸೀಮೆಗೆ ಬಂತು. ಕೆಚಮ್‌ನಲ್ಲಿ ಈಗ ಮನೆ ಕೊಳ್ಳಲು ಸಾಧಾರಣ ಜನರಿಂದ ಆಗುವುದಿಲ್ಲ. ಹೋಟೆಲಿನಲ್ಲಿ ದುಡಿಯುವವರು ದೂರದ ಊರುಗಳಿಂದ ಬಂದು ಹೋಗಬೇಕು. ಅದು ಬೇರೆಯೇ ಗೋಳು. ಲೇಕ್ ಪ್ಲಾಸಿಡ್‌ಗೆ 1980ರಲ್ಲಿ ಒಲಿಂಪಿಕ್ಸ್ ಇನ್ನೊಮ್ಮೆ ಬಂತು. ಇಂದಿಗೂ ಜನ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಬಾಬ್‌ಸ್ಲೆಡ್‌ನಲ್ಲಿ ಕೂರುತ್ತಾರೆ. ಕರನ್ ತನ್ನ ಕುರ್ಚಿಗೆ 1939ರಲ್ಲಿ ಪೇಟೆಂಟ್ ಪಡೆದ.

ಇನ್ನು ಸೋನಿಯಾ ಹೆನಿ. ಲೇಕ್ ಪ್ಲಾಸಿಡ್‌ನಲ್ಲಿ ಗೆದ್ದವಳು ನಾಲ್ಕು ವರ್ಷದ ಮೇಲೆ ಮತ್ತೊಮ್ಮೆ ಗೆದ್ದು ಹಾಲಿವುಡ್ ಸೇರಿದಳು. 1941ರಲ್ಲಿ ‘ಸನ್ ವ್ಯಾಲಿ ಸೆರೆನೇಡ್’ ಎಂಬ ಚಿತ್ರದ ನಾಯಕಿಯಾದಳು. ಆ ಚಿತ್ರದಲ್ಲಿ ಮಂಜುಗಡ್ಡೆಯ ಮೇಲೆ ಕುಣಿಯುವವಳು ಅವಳೇ. ಆದರೆ ಬೆಟ್ಟದಿಂದ ಸ್ಕೀ ಮೇಲೆ ಇಳಿದು ಬರುವವಳು ಅವಳಲ್ಲ, ಸನ್ ವ್ಯಾಲಿಯಲ್ಲಿ ಪಳಗಿದ ಗ್ರೆಚೆನ್ ಫ್ರೇಸರ್. ಏಳು ವರ್ಷದ ಮೇಲೆ, 1948ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫ್ರೇಸರ್ ಸ್ಲಾಲಮ್ ಎಂಬ ಸ್ಕೀ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. ಸ್ಕೀಯಲ್ಲಿ ಅಮೆರಿಕಕ್ಕೆ ಬಂದ ಮೊದಲ ಚಿನ್ನ ಅದು. ಆ ಸಲದ ಆಟ ನಡೆದದ್ದು ಸೇಂಟ್ ಮಾರಿಟ್ಸ್‌ನಲ್ಲಿ.